ಮದುವೆಗೆ ಡ್ರೋನ್, ಅಜ್ಜಿಗೆ ಆಧಾರ್ ಫೋಟೊ



ಹೋದ ವರ್ಷ ಜೂನ್ ತಿಂಗಳ ಒಂದು ಮಳೆಯ ರಾತ್ರಿ ನನ್ನ ಅಜ್ಜಿ ತೀರಿಕೊಂಡರು. ಎಂಬತ್ತೆರಡು ವರ್ಷ ಆಗಿತ್ತು. ಫಾದರ್ ಬಂದು ಪ್ರಾರ್ಥನೆ ಮಾಡಿದರು. ವಾಡೆಯ ಗುರ್ಕಾರರು ಯಾರ್ಯಾರಿಗೆ ಫೋನ್ ಮಾಡಬೇಕೆಂದು ಪಟ್ಟಿ ಹಾಕಿದರು. ನೆರೆಯವರು ಮಳೆಯಲ್ಲೇ ನಿಂತು ಅಂಗಳಕ್ಕೆ ಟಾರ್ಪಾಲು ಕಟ್ಟಿದರು. ಎಲ್ಲ ಕೆಲಸವೂ ಆಗುತ್ತಿತ್ತು, ಒಂದನ್ನು ಬಿಟ್ಟು. ರಾತ್ರಿ ಹನ್ನೊಂದಕ್ಕೆ ಫ್ಲೆಕ್ಸ್ ಅಂಗಡಿಯಿಂದ ಫೋನು: "ಫೋಟೊ ಎಲ್ಲಿ? ಬೇಗ ಕಳುಹಿಸಿ, ಬೆಳಗ್ಗೆ ಆರಕ್ಕೆ ಕೊಡಬೇಕಲ್ಲ."

ನಮ್ಮ ಕಾಸರಗೋಡಿನ ಕಡೆಯ ಪದ್ಧತಿ ನಿಮಗೆ ಗೊತ್ತೇ ಇದೆ. ಬಸ್‌ಸ್ಟಾಪಿನ ಹತ್ತಿರ ಫ್ಲೆಕ್ಸ್ ಏಳುವ ತನಕ ಊರಿಗೆ ಸಾವಿನ ಸುದ್ದಿ ಪೂರ್ತಿ ಮುಟ್ಟಿದ ಹಾಗಲ್ಲ. ಸರಿ, ಫೋಟೊ ಹುಡುಕಲು ಕೂತೆವು. ಏಳು ಮೊಬೈಲು, ಒಂದು ಲ್ಯಾಪ್‌ಟಾಪ್, ಒಂದು ಹಾರ್ಡ್ ಡಿಸ್ಕ್. ಅದಕ್ಕೆ ಎರಡು ವರ್ಷ ಮೊದಲು ಅಕ್ಕನ ಮದುವೆ ಆಗಿತ್ತು. ರೋಸಿನ ದಿನ ಎರಡು ಕ್ಯಾಮರಾ, ಮದುವೆಯ ದಿನ ಮೂರು ಕ್ಯಾಮರಾ ಮತ್ತು ಡ್ರೋನ್. ಹಾರ್ಡ್ ಡಿಸ್ಕಿನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಫೋಟೊ. ಅಷ್ಟರಲ್ಲಿ ಅಜ್ಜಿ ಇದ್ದದ್ದು ಹನ್ನೊಂದರಲ್ಲಿ. ಗುಂಪಿನ ಫೋಟೊದಲ್ಲಿ ಅರ್ಧ ಮುಖ ಸೋದರತ್ತೆಯ ಮುಡಿಯ ಮಲ್ಲಿಗೆಯ ಹಿಂದೆ. ಊಟದ ಹಾಲಿನಲ್ಲಿ ಬಾಯಿಗೆ ಹಾಕಿದ ತುತ್ತು ಹಾಗೆಯೇ. ರೋಸಿನಲ್ಲಿ ಅಕ್ಕನ ತಲೆಗೆ ತೆಂಗಿನ ಹಾಲು ಹಾಕುವ ಫೋಟೊ ಬಹಳ ಚೆಂದ ಬಂದಿತ್ತು: ಅಜ್ಜಿಯ ಕೈ ಸ್ಪಷ್ಟ, ಹಾಲಿನ ಹನಿಗಳೂ ಸ್ಪಷ್ಟ, ಮುಖ ಮಾತ್ರ ಮಸುಕು. ಅದಕ್ಕೆ ಕ್ಯಾಂಡಿಡ್ ಎಂದು ಹೆಸರು.

ಕೊನೆಗೆ ಅಜ್ಜಿಯ ಪ್ರಾರ್ಥನಾ ಪುಸ್ತಕದೊಳಗೆ ಇದ್ದ ಆಧಾರ್ ಕಾರ್ಡೇ ಗತಿಯಾಯಿತು. ಅದನ್ನು ಮೊಬೈಲಿನಲ್ಲಿ ತೆಗೆದು ವಾಟ್ಸಾಪಿನಲ್ಲಿ ಕಳುಹಿಸಿದೆವು. ಬೆಳಗ್ಗೆ ನೋಡುವಾಗ ಬಸ್‌ಸ್ಟಾಪಿನಲ್ಲಿ ನಿಂತದ್ದು ಅಜ್ಜಿಯ ಮುಖ, ಬೇರೆ ಯಾರದೋ ಮೈ. ಅಂಗಡಿಯವನ ಕಂಪ್ಯೂಟರಿನಲ್ಲಿ ರೆಡಿ ಇಟ್ಟ ಒಂದು ರೇಷ್ಮೆ ಸೀರೆಯ ಹೆಂಗಸಿನ ಕುತ್ತಿಗೆಯ ಮೇಲೆ ಅಜ್ಜಿಯ ತಲೆ ಕೂರಿಸಿದ್ದ. ಬದುಕಿದ್ದಾಗ ಕಾಟನ್ ಸೀರೆ ಬಿಟ್ಟು ಬೇರೇನನ್ನೂ ಉಡದವರು, ಕಣ್ಣು ಬೆಳಕಿಗೆ ಹೆದರಿದ ಹಾಗೆ ಅಗಲ ಮಾಡಿಕೊಂಡು, ದೊಡ್ಡ ಜರಿಯ ಸೀರೆಯಲ್ಲಿ ಬಸ್ಸಿಗೆ ಕಾಯುವವರನ್ನು ನೋಡುತ್ತಿದ್ದರು. ಹೆಸರಿನ ಕನ್ನಡದಲ್ಲಿ ಒಂದು ಒತ್ತಕ್ಷರವೂ ತಪ್ಪು. ಅದು ಬಿಡಿ, ಆ ವಿಷಯಕ್ಕೆ ಇನ್ನೊಂದು ಲೇಖನವೇ ಬೇಕು.

ಈಗ ನನ್ನ ಸಿಟ್ಟು ಯಾರ ಮೇಲೆ ಎಂದು ಹೇಳುತ್ತೇನೆ. ಫ್ಲೆಕ್ಸ್ ಅಂಗಡಿಯವನ ಮೇಲಲ್ಲ, ಅವನು ನಡುರಾತ್ರಿ ಸಿಕ್ಕಿದ್ದರಲ್ಲಿ ಕೆಲಸ ಮಾಡಿದ. ಮದುವೆಯ ಫೋಟೊಗ್ರಾಫರ್ ಮೇಲೂ ಪೂರ್ತಿ ಅಲ್ಲ, ಅವನಿಗೆ "ಅಜ್ಜಿಯದ್ದು ಒಂದು ತೆಗೆಯಿರಿ" ಎಂದು ನಾವು ಯಾರೂ ಹೇಳಿರಲಿಲ್ಲ. ಸಿಟ್ಟು ನಮ್ಮ ತಲೆಯೊಳಗಿನ ಕೆಲವು ತಪ್ಪು ತಿಳಿವಳಿಕೆಗಳ ಮೇಲೆ. ಫೋಟೊಶೂಟ್ ಎಂದರೆ ಮದುವೆಯಾಗುವವರಿಗೆ, ಪ್ರಾಯದವರಿಗೆ, ಚೆಂದ ಇರುವವರಿಗೆ, ದುಡ್ಡಿರುವವರಿಗೆ ಎಂದು ನಾವು ತೀರ್ಮಾನಿಸಿಬಿಟ್ಟಿದ್ದೇವೆ. ಹಾಗಾಗಿ ಬೇಡದಲ್ಲಿ ಸಾಲ ಮಾಡಿ ಸುರಿಯುತ್ತೇವೆ, ಬೇಕಾದಲ್ಲಿ ಒಂದು ಸಾವಿರ ರೂಪಾಯಿ ಖರ್ಚು ಮಾಡುವುದಿಲ್ಲ. ನಾನು ಮೂರು ವರ್ಷದಿಂದ ಶನಿವಾರ, ಭಾನುವಾರ ಒಬ್ಬ ಫೋಟೊಗ್ರಾಫರ್ ಅಣ್ಣನ ಜೊತೆ ಲೈಟು ಹಿಡಿಯಲು ಹೋಗುತ್ತೇನೆ. ಹಾಗಾಗಿ ಎರಡೂ ಕಡೆಯ ಮಾತು ಕೇಳಿ ಗೊತ್ತು.

ಮೊದಲನೆಯ ಮಾತು ಎಲ್ಲ ಮನೆಯಲ್ಲೂ ಕೇಳುವಂಥದ್ದು. "ನನ್ನ ಫೋಟೊ ಒಳ್ಳೆದು ಬರುವುದಿಲ್ಲ ಮಾರಾಯ." ನಮ್ಮ ಅಜ್ಜಿಯ ಮಾತು ಇನ್ನೂ ಖಾರ: "ಈ ಮುಸುಡಿಗೆ ಎಂತಕ್ಕೆ ಫೋಟೊ?" ಹುಡುಗಿಯರು, ಹುಡುಗರು, ಅಪ್ಪಂದಿರು, ಯಾರೂ ಇದಕ್ಕೆ ಹೊರತಲ್ಲ. ಇದನ್ನು ವಿನಯ ಎಂದು ಕೆಲವರು ತಿಳಿದಿದ್ದಾರೆ. ವಿನಯವೂ ಅಲ್ಲ, ಸತ್ಯವೂ ಅಲ್ಲ. ನಾವು ನಮ್ಮ ಮುಖವನ್ನು ನೋಡಿ ಅಭ್ಯಾಸ ಆಗಿರುವುದು ಕನ್ನಡಿಯಲ್ಲಿ. ಕನ್ನಡಿ ಎಡವನ್ನು ಬಲ ಮಾಡಿ ತೋರಿಸುತ್ತದೆ. ಯಾರ ಮುಖವೂ ಎರಡು ಕಡೆ ಸರಿಸಮ ಇರುವುದಿಲ್ಲ. ಬೈತಲೆ ಒಂದು ಕಡೆ, ಒಂದು ಹುಬ್ಬು ಸ್ವಲ್ಪ ಮೇಲೆ, ನಗುವಾಗ ತುಟಿ ಒಂದು ಕಡೆಗೆ. ಫೋಟೊದಲ್ಲಿ ಅದು ಇದ್ದ ಹಾಗೆ ಬರುತ್ತದೆ, ಅಂದರೆ ಕನ್ನಡಿಗೆ ಉಲ್ಟಾ. ನಮಗೆ ಏನೋ ಸರಿ ಇಲ್ಲ ಅನ್ನಿಸುತ್ತದೆ. 1977ರಲ್ಲಿ ಅಮೆರಿಕದ ಮೂವರು ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಕಾಲೇಜು ಹುಡುಗಿಯರಿಗೆ ಅವರದೇ ಮುಖದ ಎರಡು ಫೋಟೊ ತೋರಿಸಿದರು, ಒಂದು ಇದ್ದ ಹಾಗೆ, ಇನ್ನೊಂದು ಕನ್ನಡಿಯಲ್ಲಿ ಕಾಣುವ ಹಾಗೆ. ಹೆಚ್ಚಿನವರು ಕನ್ನಡಿಯದ್ದನ್ನೇ ಆರಿಸಿದರು. ಅವರ ಗೆಳತಿಯರು ಹೆಚ್ಚಾಗಿ ಆರಿಸಿದ್ದು ಇದ್ದ ಹಾಗಿನ ಫೋಟೊ. ಅಂದರೆ ನಿಮಗೆ ಸರಿ ಕಾಣದ ನಿಮ್ಮ ಫೋಟೊ, ನಿಮ್ಮನ್ನು ಪ್ರೀತಿಸುವವರಿಗೆ ದಿನಾ ಕಾಣುವ ನಿಮ್ಮ ಮುಖ. ಅದನ್ನು ಡಿಲೀಟ್ ಮಾಡುವ ಹಕ್ಕು ನಿಮ್ಮೊಬ್ಬರದ್ದೇ ಎಂದು ನನಗೆ ಅನ್ನಿಸುವುದಿಲ್ಲ.

ಇನ್ನೊಂದು ಕಾರಣ ಸೆಲ್ಫಿ. ಕೈ ಮಡಚಿ ಮೊಬೈಲನ್ನು ಮುಖದ ಹತ್ತಿರ ಹಿಡಿದರೆ ಲೆನ್ಸಿಗೆ ಮೂಗು ತೀರ ಹತ್ತಿರ, ಕಿವಿ ದೂರ. ಹತ್ತಿರದ್ದು ದೊಡ್ಡದಾಗಿ ಕಾಣುವುದು ಸಹಜ. 2018ರಲ್ಲಿ ಅಮೆರಿಕದ ಮುಖದ ಶಸ್ತ್ರಚಿಕಿತ್ಸೆಯ ವೈದ್ಯರು ಲೆಕ್ಕ ಹಾಕಿ ಪ್ರಕಟಿಸಿದ ಪ್ರಕಾರ, 12 ಇಂಚು ದೂರದಿಂದ ತೆಗೆದ ಫೋಟೊದಲ್ಲಿ ಮೂಗಿನ ಬುಡ 5 ಅಡಿ ದೂರದಿಂದ ತೆಗೆದದ್ದಕ್ಕಿಂತ ಸುಮಾರು ಶೇ. 30 ಅಗಲ ಕಾಣುತ್ತದೆ. ಸೆಲ್ಫಿ ನೋಡಿ ಮೂಗು ಸರಿಮಾಡಿಸಲು ಬರುವವರಿಗೆ ತೋರಿಸಲು ಮಾಡಿದ ಲೆಕ್ಕ ಅದು! ಫೋಟೊಗ್ರಾಫರ್ ಉದ್ದ ಲೆನ್ಸ್ ಹಾಕಿ ಆರೇಳು ಅಡಿ ಹಿಂದೆ ನಿಲ್ಲುವುದು ಜಂಭಕ್ಕಲ್ಲ. ನಿಮ್ಮ ಮೂಗು ನಿಮ್ಮದೇ ಅಳತೆಯಲ್ಲಿ ಬರಲಿ ಎಂದು. ನಿಮ್ಮ ಮುಖಕ್ಕೆ ಏನೂ ಆಗಿಲ್ಲ ಗೆಳೆಯರೇ, ಮೊಬೈಲು ಹಿಡಿದ ಕೈ ಗಿಡ್ಡ, ಅಷ್ಟೆ.

"ಮೊಬೈಲ್ ಇರುವಾಗ ಫೋಟೊಗ್ರಾಫರ್ ಯಾಕೆ?" ಎಂಬುದು ಮುಂದಿನ ಪ್ರಶ್ನೆ. ಇದರಲ್ಲಿ ಅರ್ಧ ಸತ್ಯ ಇದೆ, ಅದನ್ನು ಒಪ್ಪಿಕೊಳ್ಳುತ್ತೇನೆ. 6 ಇಂಚು 4 ಇಂಚಿನ ಫೋಟೊ ಪ್ರಿಂಟ್ ಮಾಡಲು ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ ಬೇಕಾದದ್ದು 1800ಕ್ಕೆ 1200, ಅಂದರೆ 21.6 ಲಕ್ಷ ಚುಕ್ಕಿ. ಈಗಿನ ಯಾವ ಮೊಬೈಲಿಗೂ ಅದು ದೊಡ್ಡದಲ್ಲ. ಆಲ್ಬಮ್ಮಿನ 18 ಇಂಚು 12 ಇಂಚಿನ ಹಾಳೆಗೆ ಅದೇ ಲೆಕ್ಕದಲ್ಲಿ ಸುಮಾರು 1 ಕೋಟಿ 94 ಲಕ್ಷ ಬೇಕು, ಅಲ್ಲಿ ವ್ಯತ್ಯಾಸ ಕಾಣಲು ಶುರು. ಆದರೆ ನಿಜವಾದ ತೊಂದರೆ ಕ್ಯಾಮರಾದಲ್ಲಿ ಅಲ್ಲ, ನಾವು ಫೋಟೊವನ್ನು ನಡೆಸಿಕೊಳ್ಳುವ ರೀತಿಯಲ್ಲಿ. ಮೊಬೈಲಿನಲ್ಲಿ ತೆಗೆದು ವಾಟ್ಸಾಪಿನಲ್ಲಿ ಹಾಕುತ್ತೇವೆ, ಅದು ಕುಗ್ಗಿಸಿ ಕಳುಹಿಸುತ್ತದೆ. ಹಾಗೆ ಬಂದದ್ದನ್ನು ಇನ್ನೊಬ್ಬರು ಸ್ಕ್ರೀನ್‌ಶಾಟ್ ತೆಗೆಯುತ್ತಾರೆ. ಮೊಬೈಲ್ ನೀರಿಗೆ ಬಿದ್ದ ದಿನ ಮೂಲ ಫೋಟೊದ ಕಥೆ ಮುಗಿಯಿತು. ನಮ್ಮ ಆಧಾರ್ ಫೋಟೊದ ಲೆಕ್ಕ ಕೇಳಿ: ಕಾರ್ಡಿನಲ್ಲಿ ಮುಖದ ಚಿತ್ರ ಸುಮಾರು ಒಂದಿಂಚು. ಅದನ್ನು ಚೆನ್ನಾಗಿ ಸ್ಕ್ಯಾನ್ ಮಾಡಿದರೂ ಅಡ್ಡಕ್ಕೆ 300 ಚುಕ್ಕಿ ಸಿಗಬಹುದು. ಹನ್ನೆರಡು ಇಂಚಿಗೆ ಹಿಗ್ಗಿಸಿದರೆ ಇಂಚಿಗೆ 25. ಅಷ್ಟರಲ್ಲಿ ಅಜ್ಜಿಯ ಕಣ್ಣಿನ ಬಣ್ಣ ಎಲ್ಲಿಂದ ಬರಬೇಕು?

ಮೊಬೈಲಿನಿಂದ ಬಾರದ್ದು ಇನ್ನೊಂದಿದೆ, ಸಮಯ. ಮನೆಯವರಾಗಿ ನಾವು ಅಜ್ಜಿಯ ಎದುರು ಮೊಬೈಲ್ ಹಿಡಿದು ಮೂರು ಸೆಕೆಂಡು ಕಾಯುತ್ತೇವೆ. "ನಗಿ ಅಜ್ಜಿ, ನಗಿ." ಅವರು ಹಲ್ಲು ಬಿದ್ದ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಾರೆ. ನಾವು ಕ್ಲಿಕ್ ಮಾಡಿ ಮುಂದೆ ಹೋಗುತ್ತೇವೆ. ಫೋಟೊಗ್ರಾಫರಿಗೆ ದುಡ್ಡು ಕೊಡುವುದು ಆ ಸೆರಗು ತಾನಾಗಿ ಇಳಿಯುವ ತನಕ ಕಾಯಲು.

ಇಲ್ಲಿಗೆ ಮೂರನೆಯ ಮಾತು ಬಂತು, ನನಗೆ ತೀರ ಕೋಪ ಬರಿಸುವಂಥದ್ದು. "ಒಂದು ಬಟನ್ ಒತ್ತಲು ಇಷ್ಟು ದುಡ್ಡಾ?" ಹೀಗೆ ಕೇಳಿದ ಯಜಮಾನರು ಅದೇ ಮದುವೆಯಲ್ಲಿ ಸ್ಟೇಜಿನ ಹೂವಿಗೆ, ಒಂದೇ ರಾತ್ರಿ ಬಾಳುವ ಹೂವಿಗೆ, ಕೇಳಿದಷ್ಟು ಕೊಟ್ಟವರು. ಬಟನ್ ಒತ್ತುವ ಕೆಲಸ ಏನೆಂದು ನಾನು ನೋಡಿದ್ದನ್ನು ಹೇಳುತ್ತೇನೆ. ಹಿಂದಿನ ರಾತ್ರಿ ಹತ್ತು ಬ್ಯಾಟರಿ ಚಾರ್ಜಿಗೆ ಹಾಕಬೇಕು. ಬೆಳಗ್ಗೆ ಆರಕ್ಕೆ ಮದುಮಗಳ ಮನೆ, ಹತ್ತಕ್ಕೆ ಚರ್ಚು, ಮಧ್ಯಾಹ್ನ ಹಾಲು, ಎಲ್ಲರ ಊಟ ಆದ ಮೇಲೆ ಉಳಿದದ್ದರಲ್ಲಿ ನಮ್ಮ ಊಟ. ರಾತ್ರಿ ಮನೆಗೆ ಬಂದು ಮಲಗುವ ಮೊದಲು ಎಲ್ಲವನ್ನೂ ಎರಡು ಬೇರೆ ಬೇರೆ ಡಿಸ್ಕಿಗೆ ತುಂಬಬೇಕು, ಏಕೆಂದರೆ ಕಾರ್ಡು ಕೆಟ್ಟರೆ ಮದುವೆಯನ್ನು ಇನ್ನೊಮ್ಮೆ ಮಾಡಲು ಆಗುವುದಿಲ್ಲ. ಮುಂದಿನ ಎರಡು ವಾರ ಮೂರು ಸಾವಿರದಲ್ಲಿ ಮುನ್ನೂರು ಆರಿಸಿ, ಒಂದೊಂದರ ಬಣ್ಣ, ಬೆಳಕು ಸರಿ ಮಾಡುವುದು. ಅಪ್ಪ-ಅಮ್ಮನ ಮದುವೆಯ ಕಾಲದಲ್ಲಿ 36 ಫೋಟೊದ ಎರಡು ರೋಲು ಮುಗಿದರೆ ಕೆಲಸ ಮುಗಿಯಿತು. ಆಗ ಪ್ರತಿ ಕ್ಲಿಕ್ಕಿಗೂ ಬೆಲೆ ಇತ್ತು, ಹಾಗಾಗಿ ಅಜ್ಜ-ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಒಂದು ತೆಗೆಯಲು ಯಾರೂ ಮರೆಯುತ್ತಿರಲಿಲ್ಲ. ಈಗ ಸಾವಿರಾರು ತೆಗೆಯುತ್ತೇವೆ, ಆ ಒಂದನ್ನು ಮರೆಯುತ್ತೇವೆ.

ಬಡಪಾಯಿ ಫೋಟೊಗ್ರಾಫರ್ ಎಂದು ಅವರ ಪರವಾಗಿ ಮಾತ್ರ ಬರೆಯಲು ಕೂತಿಲ್ಲ. ಅವರದ್ದೂ ತಪ್ಪು ಇದೆ, ಅದರಲ್ಲೂ "ಎಡಿಟಿಂಗ್‌ನಲ್ಲಿ ಸರಿ ಮಾಡುವಾ" ಎಂಬ ಮಾತಿನಲ್ಲಿ. ಈ ಮಾತನ್ನು ಹೇಳಿಸುವವರು ನಾವು, ಅದು ಬೇರೆ. ಒಂದು ಮನೆಯಲ್ಲಿ ಮದುಮಗಳ ತಂದೆ, ಮಗಳು ಪಕ್ಕದಲ್ಲೇ ನಿಂತಿರುವಾಗ, "ಸ್ವಲ್ಪ ಬೆಳ್ಳಗೆ ಮಾಡಿ ಆಯ್ತಾ" ಎಂದರು. ಅವಳು ನೆಲ ನೋಡಿದಳು. ಆಲ್ಬಮ್ ಬಂದಾಗ ಮುಖ ಬೆಳ್ಳಗೆ, ಕೈ ಕಪ್ಪಗೆ, ಕೆಂಪು ಸಾಡೊ ಕಿತ್ತಳೆ ಬಣ್ಣ. ಕೆನ್ನೆಯ ಮೇಲಿದ್ದ ಮಚ್ಚೆಯೂ ಮಾಯ. ಆ ಮಚ್ಚೆ ಅವಳ ತಾಯಿಗೂ ಅದೇ ಜಾಗದಲ್ಲಿದೆ! ಮನೆಯವರು ಯಾರೂ ಗಮನಿಸಲಿಲ್ಲ. ಎಲ್ಲರೂ ಸಂತೋಷಪಟ್ಟರು. ನಾನು ಲೈಟು ಹಿಡಿದಿದ್ದವ, ನನ್ನ ಮಾತು ಯಾರು ಕೇಳುತ್ತಾರೆ. ಆದರೆ ಈಗ ಕೇಳಿ: ಬಣ್ಣ ಸರಿ ಮಾಡುವುದು ಎಂದರೆ ಬಿಳಿ ಮಾಡುವುದಲ್ಲ. ಟ್ಯೂಬ್‌ಲೈಟಿನ ಹಸಿರು ಛಾಯೆ ತೆಗೆದು, ಆ ಮೈಬಣ್ಣ ಹಗಲಿನಲ್ಲಿ ಹೇಗೆ ಕಾಣುತ್ತದೋ ಹಾಗೆ ತರುವುದು. ಕಪ್ಪು ಚರ್ಮಕ್ಕೆ ಸರಿಯಾದ ಬೆಳಕು ಬಿದ್ದರೆ ಅದರಲ್ಲಿ ಬರುವ ಹೊಳಪು ಪೌಡರಿನಿಂದಲೂ ಬಾರದು, ಕಂಪ್ಯೂಟರಿನಿಂದಲೂ ಬಾರದು. ಅದನ್ನು ತೆಗೆಯಲು ಬರುವವನೇ ಫೋಟೊಗ್ರಾಫರ್. ಬಾರದವನು ಬಿಳಿ ಮಾಡುತ್ತಾನೆ. ಮದುಮಕ್ಕಳೇ, ಬುಕಿಂಗ್ ಮಾಡುವಾಗ ಒಂದು ಮಾತು ನೀವೇ ಹೇಳಿ, ಬೆಳ್ಳಗೆ ಮಾಡಬಾರದು ಎಂದು. ಅಪ್ಪನ ಎದುರಿಗೇ ಹೇಳಿ.

ಪ್ರಿ-ವೆಡ್ಡಿಂಗ್ ಶೂಟ್ ವಿಷಯಕ್ಕೆ ಬರುತ್ತೇನೆ, ಇಲ್ಲದಿದ್ದರೆ ಹೆದರಿ ಬಿಟ್ಟ ಎನ್ನುತ್ತೀರಿ. ಅದು ಪಾಪ ಎಂದು ನಾನು ಹೇಳುವುದಿಲ್ಲ. ಮದುವೆಯ ಮೊದಲು ಇಬ್ಬರೂ ಅರ್ಧ ದಿನ ಜೊತೆಗೆ ನಡೆದು, ಕ್ಯಾಮರಾ ಎದುರು ನಿಲ್ಲುವ ಹೆದರಿಕೆ ಬಿಟ್ಟರೆ ಮದುವೆಯ ದಿನದ ಫೋಟೊ ಒಳ್ಳೆಯದಾಗುತ್ತದೆ. ಅಷ್ಟೇ ಅದರ ಪ್ರಯೋಜನ. ಆದರೆ ನಮ್ಮಲ್ಲಿ ಅದು ಹಾಗೆ ಉಳಿದಿಲ್ಲ. 1995ರ 'ಬಾಂಬೆ' ಸಿನೆಮಾದ ಹಾಡೊಂದನ್ನು ಬೇಕಲ ಕೋಟೆಯಲ್ಲಿ ಚಿತ್ರಿಸಿದರು. ಮಳೆ, ಗಾಳಿ, ಸಮುದ್ರ, ಕಪ್ಪು ಕಲ್ಲು. ಚೆಂದವೇ, ಇಲ್ಲ ಎನ್ನಲಾರೆ. ಆದರೆ ಅಂದಿನಿಂದ ಅದೇ ಕೋಟೆಯ ಅಂಚಿನಲ್ಲಿ ಸೆರಗು ಹಾರಿಸಿ ನಿಲ್ಲದಿದ್ದರೆ ಪ್ರೀತಿಯೇ ಪೂರ್ತಿಯಾಗದು ಎಂದು ನಾವು ನಂಬಿದ್ದೇವೆ. ಬಾಡಿಗೆ ಗೌನು, ಬಾಡಿಗೆ ಬುಲೆಟ್ ಬೈಕು, ಹೊಗೆ ಬರುವ ಬಣ್ಣದ ಕಡ್ಡಿ. ಹುಡುಗ ಬಸ್ಸಿನಲ್ಲಿ ಕೆಲಸಕ್ಕೆ ಹೋಗುವವನು, ಹುಡುಗಿ ನರ್ಸ್, ಮುಂದಿನ ತಿಂಗಳು ಕುವೈಟಿಗೆ ಹೊರಡುವವಳು. ಹತ್ತು ವರ್ಷದ ನಂತರ ಮಕ್ಕಳು ಕೇಳಿದರೆ, "ಆ ಬೈಕು ನಮ್ಮದಲ್ಲ, ಆ ಡ್ರೆಸ್ಸು ನಮ್ಮದಲ್ಲ" ಎನ್ನಬೇಕು. ಅಜ್ಜಿಯ ಫ್ಲೆಕ್ಸಿನಲ್ಲಿ ಮೈ ಬೇರೆಯವರದ್ದಾಯಿತೆಂದು ನಾನು ಅತ್ತೆ. ನಾವು ಬದುಕಿರುವಾಗಲೇ, ದುಡ್ಡು ಕೊಟ್ಟು, ಅದನ್ನೇ ಮಾಡಿಸಿಕೊಳ್ಳುತ್ತಿದ್ದೇವಲ್ಲ?

ಡ್ರೋನ್ ಬಗ್ಗೆ ಒಂದೇ ಮಾತು. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಮಿಗಿಂತ ಹೆಚ್ಚು ತೂಕದ ಡ್ರೋನನ್ನು ಸಂಪಾದನೆಗಾಗಿ ಹಾರಿಸುವವರ ಹತ್ತಿರ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಇರಬೇಕು. ಬುಕ್ ಮಾಡುವಾಗ ಕೇಳಿ ನೋಡಿ, ಎಷ್ಟು ಜನ ಮಾತು ಬದಲಿಸುತ್ತಾರೆಂದು.

ಚರ್ಚಿನ ಒಳಗಿನ ಮಾತನ್ನೂ ಹೇಳಲೇಬೇಕು. ದುಡ್ಡು ಕೊಟ್ಟ ಫೋಟೊಗ್ರಾಫರ್ ಎಲ್ಲಿ ಬೇಕಾದರೂ ನಿಲ್ಲಬಹುದು ಎಂಬ ಭಾವನೆ ಇದೆ. ಬಲಿಪೂಜೆಯ ನಡುವೆ ಪೀಠದ ಮೆಟ್ಟಿಲು ಹತ್ತಿದವರನ್ನು ನಾನು ನೋಡಿದ್ದೇನೆ. "ಫಾದರ್, ಉಂಗುರ ಇನ್ನೊಮ್ಮೆ, ಸ್ವಲ್ಪ ಈ ಕಡೆ ತಿರುಗಿ" ಎಂದವರನ್ನೂ ನೋಡಿದ್ದೇನೆ. ಮದುಮಗ ಪಾಪ, ಇನ್ನೊಮ್ಮೆ ತೊಡಿಸಿದ. ನಾನು ಹೋಗುವ ಅಣ್ಣ ಹೇಳುವುದು ಬೇರೆ: ಪೂಜೆಯಲ್ಲಿ ಫ್ಲಾಶ್ ಬೇಕಾಗುವುದಿಲ್ಲ, ಈಗಿನ ಕ್ಯಾಮರಾಗಳಿಗೆ ಚರ್ಚಿನ ಕಿಟಕಿಯ ಬೆಳಕೇ ಸಾಕು. ಜಾಗ ಮೊದಲೇ ನೋಡಿಟ್ಟುಕೊಂಡು, ಕಂಬದ ಪಕ್ಕ ನಿಂತು, ಉದ್ದ ಲೆನ್ಸಿನಲ್ಲಿ ತೆಗೆಯಬೇಕು. ಉಂಗುರ ತೊಡಿಸುವ ಮುಂಚೆ ಅವಳು ಕಣ್ಣು ಒರೆಸಿಕೊಂಡದ್ದು ಸಿಗುವುದು ಹಾಗೆ. "ಇನ್ನೊಮ್ಮೆ" ಎಂದರೆ ಉಂಗುರ ಇನ್ನೊಮ್ಮೆ ಸಿಗುತ್ತದೆ, ಕಣ್ಣೀರು ಸಿಗುವುದಿಲ್ಲ.

ಹಕ್ಕಿನ ವಿಚಾರದಲ್ಲಿ ಎರಡು ಕಡೆಯವರಿಗೂ ತಪ್ಪು ತಿಳಿವಳಿಕೆ ಇದೆ. ಕೆಲವು ಸ್ಟುಡಿಯೊದವರು "ಫೋಟೊ ನಮ್ಮದು, ಎಲ್ಲಿ ಬೇಕಾದರೂ ಹಾಕುತ್ತೇವೆ" ಎನ್ನುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಹೇಳುವುದು ಹಾಗಲ್ಲ. ದುಡ್ಡು ಕೊಟ್ಟು, ಹೇಳಿ ತೆಗೆಸಿದ ಫೋಟೊದ ಮೊದಲ ಒಡೆಯ ತೆಗೆಸಿದವನೇ, ಬೇರೆ ಒಪ್ಪಂದ ಇಲ್ಲದಿದ್ದರೆ. ಆ "ಬೇರೆ ಒಪ್ಪಂದ" ಬುಕಿಂಗ್ ಫಾರ್ಮಿನ ಹಿಂದೆ ಸಣ್ಣ ಅಕ್ಷರದಲ್ಲಿ ಇರಬಹುದು, ಓದಿ ಸಹಿ ಹಾಕಿ. ಇತ್ತ ಕಡೆ ನಾವು "ತೆಗೆದ ಎಲ್ಲ ಫೋಟೊ, ರಾ ಫೈಲ್ ಸಮೇತ ಕೊಡಿ" ಎಂದು ಹಠ ಹಿಡಿಯುತ್ತೇವೆ. ಕಣ್ಣು ಮುಚ್ಚಿದ್ದು, ಬಾಯಿ ತೆರೆದದ್ದು, ಫೋಕಸ್ ತಪ್ಪಿದ್ದು ಎಲ್ಲ ಬೇಕಂತೆ. ರಾ ಫೈಲ್ ಎಂದರೆ ಕುಕ್ಕರಿಗೆ ಹಾಕುವ ಮೊದಲಿನ ಅಕ್ಕಿ. ಅದನ್ನು ತೆಗೆದುಕೊಂಡು ಹೋಗಿ ನಾವು ಮಾಡುವುದು ಏನೂ ಇಲ್ಲ.

ಇಷ್ಟೆಲ್ಲ ಬರೆದದ್ದು ಒಂದು ಮಾತು ಹೇಳಲು. ಅಜ್ಜಿಯ ನಲವತ್ತನೇ ದಿನ ಕಳೆದ ಮೇಲೆ ನನ್ನ ಮನಸ್ಸು ತಡೆಯಲಿಲ್ಲ. ಫೋಟೊಗ್ರಾಫರ್ ಅಣ್ಣನನ್ನು ಕೇಳಿ, ನಮ್ಮ ವಾಡೆಯಲ್ಲಿ ಎಂಬತ್ತು ದಾಟಿದವರ ಮೂರು ಮನೆಗೆ ಹೋದೆವು. ಅಣ್ಣ ದುಡ್ಡು ತೆಗೆದುಕೊಳ್ಳಲಿಲ್ಲ, ಪ್ರಿಂಟಿನ ಖರ್ಚು ಮಾತ್ರ. ಒಬ್ಬರು ಬಾಯಿ, ಐವತ್ತು ವರ್ಷ ಬೀಡಿ ಕಟ್ಟಿದವರು. ನಾವು ಬಂದದ್ದು ನೋಡಿ ಮಗಳು ಟ್ರಂಕಿನಿಂದ ರೇಷ್ಮೆ ಸೀರೆ ತೆಗೆಯಲು ಓಡಿದಳು. ಅಣ್ಣ ಬೇಡ ಎಂದ. ಜಗಲಿಯಲ್ಲಿ, ಅವರು ದಿನಾ ಕೂರುವ ಮಣೆಯ ಮೇಲೆ, ಬೀಡಿಯ ಗೆರಸೆ ಮಡಿಲಲ್ಲಿ ಇಟ್ಟುಕೊಳ್ಳಲು ಹೇಳಿದ. ಬೆಳಕು ಅಂಗಳದ ಕಡೆಯಿಂದ ಬರುತ್ತಿತ್ತು, ನಾನು ಬಿಳಿ ಥರ್ಮೋಕೋಲ್ ಶೀಟು ಹಿಡಿದು ಇನ್ನೊಂದು ಕಡೆ ಕೂತೆ. ಇಪ್ಪತ್ತು ನಿಮಿಷ ಅವನು ಕ್ಯಾಮರಾ ಮುಟ್ಟಲಿಲ್ಲ. ಒಂದು ಸಾವಿರ ಬೀಡಿಗೆ ಮೊದಲು ಎಷ್ಟು ಕೊಡುತ್ತಿದ್ದರು, ಎಲೆ ಕೆಟ್ಟದು ಬಂದರೆ ಎಂತ ಮಾಡುತ್ತಿದ್ದಿರಿ, ಮಳೆಗಾಲದಲ್ಲಿ ಎಲೆ ಹೇಗೆ ಒಣಗಿಸುತ್ತಿದ್ದಿರಿ ಎಂದೆಲ್ಲ ಕೇಳಿದ. ಬೀಡಿ ವಾಪಸ್ ಮಾಡುತ್ತಿದ್ದ ಡಿಪೋದವನನ್ನು ಬೈಯಲು ಶುರು ಮಾಡಿದ ಮೇಲೆ ಅವರಿಗೆ ನಾವು ಇದ್ದದ್ದೇ ಮರೆತುಹೋಯಿತು. ಬೈದು ಬೈದು ಕೊನೆಗೆ ನಕ್ಕರು, ಸೆರಗು ಅಡ್ಡ ಬರಲಿಲ್ಲ. ಒಟ್ಟು ತೆಗೆದದ್ದು ಹದಿನಾಲ್ಕು ಫೋಟೊ.

ಪ್ರಿಂಟ್ ತೆಗೆದುಕೊಂಡು ಹೋದ ದಿನ ಬಾಯಿ ಅದನ್ನು ಕಿಟಕಿಯ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಚೆಂದ ಬಂದಿದೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. "ಇದು ನನ್ನ ಅಮ್ಮನ ಹಾಗೆಯೇ ಉಂಟಲ್ಲ" ಎಂದರು. ಅವರ ತಾಯಿಯ ಒಂದು ಫೋಟೊವೂ ಆ ಮನೆಯಲ್ಲಿಲ್ಲ. ತೆಗೆಸಿಯೇ ಇರಲಿಲ್ಲವಂತೆ. ಅರವತ್ತು ವರ್ಷದ ನಂತರ, ತನ್ನದೇ ಮುಖದಲ್ಲಿ, ತಾಯಿ ಸಿಕ್ಕಿದರು. ಬೆಳ್ಳಗೆ ಮಾಡಿ, ಸುಕ್ಕು ಅಳಿಸಿ ಕೊಟ್ಟಿದ್ದರೆ ಸಿಗುತ್ತಿದ್ದರೇ?

ನನಗೆ ಹೇಳುವವರಿದ್ದಾರೆ, "ಸಾಯುವವರ ಫೋಟೊ ಮೊದಲೇ ತೆಗೆದಿಡುವುದು ಅಪಶಕುನ" ಎಂದು. ಒಬ್ಬ ಹಿರಿಯರು ಮುಖಕ್ಕೇ ಹೇಳಿದರು, "ನಮ್ಮನ್ನು ಕಳುಹಿಸಲು ರೆಡಿ ಮಾಡುತ್ತಿದ್ದೀರಾ?" ಎಂದು. ಅವರಿಗೆ ನನ್ನ ಉತ್ತರ ಇಷ್ಟೇ: ಫ್ಲೆಕ್ಸಿಗೆಂದು ತೆಗೆಸಬೇಡಿ. ಗೋಡೆಗೆ ತೆಗೆಸಿ. ಬದುಕಿರುವಾಗ ನಿಮ್ಮ ಮನೆಯ ಗೋಡೆಯ ಮೇಲೆ ನಿಮ್ಮದೇ ಒಂದು ಒಳ್ಳೆಯ ಫೋಟೊ, ನೀವು ಕೂರುವ ಜಾಗದಲ್ಲಿ ನೀವು ಕೂತದ್ದು, ನಿಮ್ಮ ಮೊಮ್ಮಕ್ಕಳು ದಿನಾ ನೋಡುವ ಹಾಗೆ ಇದ್ದರೆ ಅದರಲ್ಲಿ ಅಪಶಕುನ ಎಲ್ಲಿಂದ ಬಂತು? ಗಲ್ಫಿನಲ್ಲಿರುವ ಮಗನಿಗೆ ಒಂದು ಪ್ರತಿ ಕಳುಹಿಸಿ. ಅವನು ವೀಡಿಯೊ ಕಾಲಿನಲ್ಲಿ ನೋಡುವುದು ನಿಮ್ಮ ಹಣೆ ಮತ್ತು ಫ್ಯಾನು ಮಾತ್ರ.

ಫ್ರಾನ್ಸಿಸ್ ಪೋಪರು 2021ರಲ್ಲಿ ಜುಲೈ ತಿಂಗಳ ನಾಲ್ಕನೇ ಭಾನುವಾರವನ್ನು ಅಜ್ಜ-ಅಜ್ಜಿಯರ ಹಾಗೂ ಹಿರಿಯರ ವಿಶ್ವದಿನ ಎಂದು ಗೊತ್ತು ಮಾಡಿದರು. ನಾವು ಆ ದಿನ ಅವರನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ, ಒಂದು ಹೂವು, ಒಂದು ಪ್ಯಾಕೆಟ್ ಕೇಕು ಕೊಟ್ಟು ಕಳುಹಿಸುತ್ತೇವೆ. ಈ ವರ್ಷ ಯುವಜನರ ಸಭೆಯಲ್ಲಿ ನಾನು ಬೇರೆ ಕೇಳಿದ್ದೇನೆ. ಚರ್ಚಿನ ಹಾಲಿನ ಪೂರ್ವದ ಕಿಟಕಿಯ ಬಳಿ ಒಂದು ಕುರ್ಚಿ, ಹಿಂದೆ ಒಂದು ಬಣ್ಣದ ಬಟ್ಟೆ, ಒಬ್ಬ ಫೋಟೊಗ್ರಾಫರ್, ಒಬ್ಬೊಬ್ಬರಿಗೆ ಕನಿಷ್ಠ ಹದಿನೈದು ನಿಮಿಷ. ನಡೆಯಲು ಆಗದವರ ಮನೆಗೆ ನಾವೇ ಹೋಗುವುದು. ಫೋಟೊಗ್ರಾಫರಿಗೆ ಸರಿಯಾದ ಕೂಲಿ ಕೊಡಬೇಕು, ಅವನನ್ನು ಪುಕ್ಕಟೆ ದುಡಿಸಬಾರದು. ಹೋದ ಸಲ ಅಣ್ಣ ಬಿಟ್ಟುಕೊಟ್ಟ ಎಂದು ಪ್ರತಿ ಸಲ ಬಿಟ್ಟುಕೊಡಲಿ ಎನ್ನುವುದು ನ್ಯಾಯ ಅಲ್ಲ. ಕ್ರಿಕೆಟ್ ಟೂರ್ನಮೆಂಟಿನ ಟೀ ಶರ್ಟಿಗೆ ನಾವು ಖರ್ಚು ಮಾಡಿದ್ದರ ಅರ್ಧ ಸಾಕು, ಲೆಕ್ಕ ನನ್ನ ಹತ್ತಿರ ಇದೆ. ಸಭೆಯಲ್ಲಿ ಇಬ್ಬರು ನಕ್ಕರು, ನಾಲ್ವರು ಒಪ್ಪಿದರು, ಉಳಿದವರು ಮೊಬೈಲ್ ನೋಡುತ್ತಿದ್ದರು.

ಅಲ್ಲಿಯವರೆಗೆ ಕಾಯಲು ಆಗದವರಿಗೆ ಮೊಂತಿ ಫೆಸ್ತ್ ಇದ್ದೇ ಇದೆ. ಸೆಪ್ಟೆಂಬರ್ 8ಕ್ಕೆ ಹೊಸ ತೆನೆ ಮನೆಗೆ ತಂದು, ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರುವ ದಿನ. ಬೆಂಗಳೂರಿನವರೂ ಬಂದಿರುತ್ತಾರೆ. ಊಟದ ನಂತರ ಅಲ್ಲ, ಮೊದಲು ತೆಗೆಸಿ. ಊಟದ ನಂತರ ಅಜ್ಜನಿಗೆ ನಿದ್ದೆ. ಅಜ್ಜಿಗೆ ದಿನಾ ಹಾಕುವ ಕನ್ನಡಕ ಹಾಕಿಯೇ ಕೂರಿಸಿ, ಫೋಟೊಕ್ಕೆಂದು ತೆಗೆಸಬೇಡಿ. ಗಾಜಿನ ಮಿಂಚು ಬಾರದ ಹಾಗೆ ಗಲ್ಲ ಸ್ವಲ್ಪ ತಗ್ಗಿಸಲು ಹೇಳುವುದು ಫೋಟೊಗ್ರಾಫರ್ ಕೆಲಸ. ಮತ್ತೆ ಆ ಫೋಟೊವನ್ನು ವಾಟ್ಸಾಪಿನಲ್ಲಿ ಕಳುಹಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳುಹಿಸಿ. ಒಂದು ಪ್ರತಿ ಪ್ರಿಂಟ್ ಹಾಕಿಸಿ, ಹಿಂಬದಿಯಲ್ಲಿ ಹೆಸರು, ತಾರೀಕು, ಮನೆಯ ಹೆಸರು ಪೆನ್ಸಿಲಿನಲ್ಲಿ ಬರೆಯಿರಿ. ಒತ್ತಕ್ಷರ ಸರಿಯಾಗಿ ಬರೆಯಿರಿ.